ಕೊಂಡಿಯಿಲ್ಲದ ಮಾತು

ಫೋರ್ ಎಸ್ ರ್ಯಾಂಚ್ ಬಡಾವಣೆಯ ಭಾನುಮತಿ ಆಂಟಿಯ ಮನೆಯಲ್ಲಿ ಆ ಶನಿವಾರ ಚಪ್ಪಾಳೆ ತಟ್ಟಿದವನು ಗಿರಿಧರ ಒಬ್ಬನೇ. ಉಪನ್ಯಾಸ ಇನ್ನೂ ಮುಗಿದಿರಲಿಲ್ಲ. ಆದರೆ ಅವನು ಆಗಷ್ಟೇ ನಿದ್ದೆಯಿಂದ ಎದ್ದಿದ್ದ. ಪುಸ್ತಕ ಕೂಟದವರೆಲ್ಲ ತನ್ನ ಕಡೆ ತಿರುಗಿ ನಗುತ್ತಿದ್ದುದನ್ನು ಕಂಡು, ಮುಗಿಯಿತೆಂದುಕೊಂಡು ಕೈ ತಟ್ಟಿಬಿಟ್ಟ. ನಗು ಇನ್ನಷ್ಟು ಹೆಚ್ಚಾಯಿತು.

ಎದುರಿಗೆ ನಿಂತಿದ್ದ ಉಪನ್ಯಾಸಕಿ ಮಾತ್ರ ನಗಲಿಲ್ಲ. ಅವಳ ಬಾಯಿಯ ಒಂದು ಮೂಲೆಯಲ್ಲಿ ಏನೋ ಸಣ್ಣದಾಗಿ ಕದಲಿತು, ಅಷ್ಟೇ.

"ಎದ್ರಲ್ಲಾ, ಚೊಲೊ ಆತು," ಎಂದಳು. "ಮುಂದಿನ್ದು ಕೇಳ್ರಿ ಹಂಗಾರ."

ಅವಳ ಹೆಸರು ಚೆನ್ನಮ್ಮ. ಊರು ಬೈಲಹೊಂಗಲ. ಲಾಸ್ ಏಂಜಲೀಸ್‌ನ ನಾರ್ತ್‌ರಿಜ್‌ನ ಕಾಲೇಜಿನಲ್ಲಿ, ವರ್ಷ ವರ್ಷದ ಕಾಂಟ್ರ್ಯಾಕ್ಟ್ ಮೇಲೆ ಇಂಗ್ಲಿಷ್ ಸಾಹಿತ್ಯ ಪಾಠ ಮಾಡುತ್ತಿದ್ದಳು. ನಾನೂರು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ಜನಪ್ರಿಯವಾಗಿದ್ದ ಎಪಿಗ್ರಾಂಗಳೆಂಬ ಪುಟ್ಟ ಚುರುಕು ಪದ್ಯಗಳ ಮೇಲೆ ಪಿಎಚ್‌ಡಿ ಮಾಡಿದ್ದಳು. ಅವುಗಳನ್ನು ಕನ್ನಡ ಚುಟುಕಗಳಾಗಿಸಿ ಹೇಳಲು ಆಂಟಿ ಕರೆಸಿದ್ದರು.

ಕಾರ್ಯಕ್ರಮ ಮುಗಿದ ಮೇಲೆ ಆಂಟಿ ಅವಳಿಗೆ ಕಟ್ಟಿಕೊಟ್ಟ ಬಿಸಿಬೇಳೆಬಾತಿನ ಡಬ್ಬಿ ಹಿಡಿದುಕೊಂಡು ಗಿರಿಧರ ಕಾರಿನವರೆಗೆ ಬಂದ. ಅವಳು ಕಾರಿನ ಬಾಗಿಲು ತೆರೆಯಲಿಲ್ಲ. ಫುಟ್‌ಪಾತಿನ ಅಂಚಿನಲ್ಲಿ ಕುಳಿತುಬಿಟ್ಟಳು.

"ಹತ್ತು ನಿಮಿಷ ಕೂಡ್ರತೇನ್ರಿ. ಬರೂಮುಂದ ಮೂರು ತಾಸು ಹಿಡೀತು. ಹೋಗಾಕ ಮನಸ ಬರವಲ್ದು."

ಅವನೂ ಸ್ವಲ್ಪ ದೂರದಲ್ಲಿ ಕುಳಿತ. "ನಾನು ಮಲಗಿದ್ದಾಗ ಏನಂದ್ರಿ? ಎಲ್ಲ ಅಷ್ಟೊಂದು ನಕ್ರಲ್ಲ."

"ನಾ ಅಂದಿದ್ದಲ್ರಿ. ಆ ಕಾಲದವ ಯಾವನೋ ಅಂದಿದ್ದು, ಹೆಸರು ಗೊತ್ತಿಲ್ಲ. ನಾ ಬರೇ ಕನ್ನಡ ಮಾಡೀನಿ." ಅವಳು ಎದುರುಮನೆಯ ಹುಲ್ಲುಹಾಸು ನೋಡುತ್ತಾ ಹೇಳಿದಳು:

"ವೈದ್ಯನ ಗುಳಿಗೆಗೂ ಬಾರದ ನಿದ್ದೆ
ನನ್ನ ಪದ್ಯಕ್ಕೆ ಬಂತು. ಅಂತೂ ನಾ ಗೆದ್ದೆ."

ಗಿರಿಧರನಿಗೆ ನಗು ಬರಲಿಲ್ಲ. "ಗುಳಿಗೆ ವಿಷಯ ನಿಮಗೆ ಯಾರು ಹೇಳಿದ್ರು?"

ಅವಳು ತಟ್ಟನೆ ತಿರುಗಿದಳು. "ಖರೇನ ತಗೋತೀರೇನು?"

"ತಗೋತೀನಿ. ಆದ್ರೂ ಬರಲ್ಲ. ಹೆಂಡತಿ ಬಿಟ್ಟು ಹೋದ ಮೇಲಿಂದ ಹೀಗೇ. ಅವಳ ತಪ್ಪೇನಿಲ್ಲ, ಇಬ್ಬರಿಗೂ ಸಾಕಾಗಿತ್ತು." ಇಷ್ಟನ್ನೂ ಗುರುತಿಲ್ಲದವಳ ಮುಂದೆ ಏಕೆ ಹೇಳಿದೆನೆಂದು ಅವನಿಗೇ ತಿಳಿಯಲಿಲ್ಲ. "ಇವತ್ತು ಮಾತ್ರ ಬಂತು. ನಿಮ್ಮ ದನಿ ಚೆನ್ನಾಗಿದೆ."

ಚೆನ್ನಮ್ಮ ಅವನನ್ನು ನೋಡಿದಳು. ಕಣ್ಣಲ್ಲಿ ಮೊದಲು ಅನುಮಾನವಿತ್ತು, ಆಮೇಲೆ ಅನುಕಂಪ ಬಂತು, ಅದು ಬಂದದ್ದಕ್ಕೆ ನಾಚಿಕೆಯೂ ಬಂತು. ಕಡೆಗೆ ಮೊದಲಿನ ತುಂಟತನವೇ ಉಳಿಯಿತು.

"ಇದನ್ನ ಹೊಗಳಿಕಿ ಅಂತ ತಿಳ್ಕೋಬೇಕೇನ್ರಿ?"

"ಹೌದು," ಎಂದ ಗಿರಿಧರ, ಗಂಭೀರವಾಗಿಯೇ.

ಆಗ ಅವಳು ನಕ್ಕಳು. ಹತ್ತು ನಿಮಿಷವೆಂದವಳು ಸಂಜೆಯಾಗುವವರೆಗೆ ಅಲ್ಲೇ ಕುಳಿತಿದ್ದಳು. ಕಾಲೇಜಿನ ಟೈಮ್‌ಟೇಬಲ್‌ನಲ್ಲಿ ತನ್ನ ಹೆಸರು 'ಡಾಕ್ಟರ್ ಚೆನ್' ಎಂದಾಗಿದೆ, ಮೊದಲ ದಿನ ಹುಡುಗರು ಚೀನಾದ ಮೇಡಮ್ಮನ್ನು ಹುಡುಕುತ್ತಾರೆ ಎಂದಳು. ಆಫೀಸಿನವರ ಬಾಯಲ್ಲಿ ತಾನು ಬರೀ 'ಗ್ಯಾರಿ' ಆಗಿರುವುದಾಗಿ ಅವನು ಹೇಳಿದ. ಎಪಿಗ್ರಾಂ ಯಾಕೆ ಅಷ್ಟು ಚಿಕ್ಕದು ಎಂದು ಕೇಳಿದ.

"ಮೊದಲ ಅದನ್ನ ಗೋರಿ ಕಲ್ಲಿನ ಮ್ಯಾಲ ಕೆತ್ತತಿದ್ರು. ಕೆತ್ತಾವನ ಕೈ ನೋಯ್ತದಲ್ರಿ, ಅದಕ್ಕ ಸಣ್ಣದು. ಆಮ್ಯಾಲ ಚೇಳಿನಂಗ ಬಾಲಕ್ಕ ಕೊಂಡಿ ಬಂತು."

* * *

ಗಿರಿಧರ ಸ್ಕ್ರಿಪ್ಸ್ ರ್ಯಾಂಚ್‌ನ ಒಂದು ಟೆಲಿಕಾಂ ಕಂಪನಿಯಲ್ಲಿದ್ದ. ಎರಡು ಸಲ ಲೇಆಫ್ ಆಗಿ, ಉಳಿದವರು ಹೋದವರ ಕೆಲಸವನ್ನೂ ಹೊತ್ತುಕೊಂಡಿದ್ದರು. ಬೆಳಿಗ್ಗೆ ಏಳುವಾಗಲೇ ಸುಸ್ತು. ಯಾರ ಮೇಲೂ ಸಿಟ್ಟಿರಲಿಲ್ಲ, ಸಿಟ್ಟಿಗೆ ಬೇಕಾದ ಶಕ್ತಿಯೂ ಇರಲಿಲ್ಲ. ಅಂಥ ಒಂದು ಬೆಳಿಗ್ಗೆ, ಪಾರ್ಕಿಂಗ್‌ನಲ್ಲಿ ಕಾರು ನಿಲ್ಲಿಸಿ ಇಳಿಯಲಾಗದೆ ಕೂತಿದ್ದಾಗ, ಅವಳಿಗೆ ಮೆಸೇಜ್ ಹಾಕಿದ: ಇನ್ನೊಂದು ಪದ್ಯ ಇದೆಯಾ?

ಮಧ್ಯಾಹ್ನ ಉತ್ತರ ಬಂತು.

"ನೀನಿಲ್ಲದೆ ಸತ್ತೇ ಹೋಗುವೆ ಎಂದ;
ನಾನಿಲ್ಲದಾಗ ಚೆನ್ನಾಗಿ ತಿಂದ."

ಅವನು ಕ್ಯೂಬಿಕಲ್‌ನಲ್ಲಿ ಒಬ್ಬನೇ ನಕ್ಕ. ಎಷ್ಟೋ ದಿನದ ಮೇಲೆ ತನ್ನದೇ ನಗು ಕೇಳಿ, ಯಾರೋ ಪಕ್ಕದವರದ್ದಿರಬೇಕು ಅನ್ನಿಸಿತು.

ಮುಂದಿನ ವಾರ ಕಂಪನಿಯ ದೊಡ್ಡವರು ಎಲ್ಲರನ್ನೂ ಸೇರಿಸಿ ಭಾಷಣ ಮಾಡಿದರು. ಮರುದಿನವೇ ಮೂರನೇ ಸಲ ಲೇಆಫ್ ಆಯಿತು. ಗಿರಿಧರ ಉಳಿದುಕೊಂಡ. ಮನೆಗೆ ಬಂದು, ಹೈಸ್ಕೂಲು ಬಿಟ್ಟ ಮೇಲೆ ಮೊದಲ ಸಲ ಪ್ರಾಸ ಕೂಡಿಸಿದ.

"'ನಾವೆಲ್ಲ ಒಂದೇ ಮನೆ' ಅಂದರು ಸೋಮವಾರ;
ಮಂಗಳವಾರ ಮನೆಗೆ ಕಳಿಸಿದ್ದು ಅರ್ಧ ಪರಿವಾರ."

ಚೆನ್ನಮ್ಮ ಫೋನನ್ನೇ ಮಾಡಿದಳು. "ಇಷ್ಟ ದಿನ ಎಲ್ಲಿದ್ರೀ ಮಹಾರಾಯ್ರ? ಇದಕ್ಕ ನನ್ನ ಪಿಎಚ್‌ಡಿ ಗೈಡ್ 'ಎ' ಗ್ರೇಡ್ ಕೊಡ್ತಿದ್ಲು."

ಹಾಗೆ ಶುರುವಾದದ್ದು ಶನಿವಾರಗಳ ಭೇಟಿಗೆ ಬಂದು ನಿಂತಿತು. ಇಬ್ಬರ ಊರಿಗೂ ನಡುವೆ ಸ್ಯಾನ್ ಕ್ಲೆಮೆಂಟೆ ಎಂಬ ಕಡಲ ದಂಡೆಯ ಊರು ಸಿಗುತ್ತದೆ. ಅಲ್ಲಿ ರೈಲು ಹಳಿ ಕಡಲ ಮಗ್ಗುಲಲ್ಲೇ ಹೋಗುತ್ತದೆ. ಆ ಚಳಿಗಾಲದಲ್ಲಿ ಗುಡ್ಡ ಕುಸಿದು ರೈಲು ನಿಂತಿತ್ತು. ಹಳಿಯ ಈಚೆಯ ಬೆಂಚಿನಲ್ಲಿ ಕುಳಿತು, ಅವಳು ತಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಅವನು ತಂದ ಫಿಲ್ಟರ್ ಕಾಫಿಯನ್ನು ಹಂಚಿಕೊಳ್ಳುತ್ತಿದ್ದರು.

"ಇಂಥ ಪದ್ಯ ಇನ್ನ ಮ್ಯಾಲ ಅಚ್ಚು ಹಾಕಬಾರದು ಅಂತ ಆಗ ಇಂಗ್ಲೆಂಡಿನಾಗ ದೊಡ್ಡ ಪಾದ್ರಿಗಳು ಒಮ್ಮೆ ಹುಕುಂ ಮಾಡಿದ್ರು," ಎಂದಳು ಒಂದು ದಿನ. "ಕೆಲವು ಪುಸ್ತಕ ಸುಟ್ರು."

"ಎರಡು ಸಾಲಿಗೆ ಅಷ್ಟೊಂದು ಭಯಾನಾ?"

"ಎರಡ ಸಾಲು ಬಾಯಿಪಾಠ ಆಗ್ತಾವಲ್ರಿ. ದಪ್ಪ ಪುಸ್ತಕ ಸುಡೂದ ಬ್ಯಾಡ, ಹೆಂಗೂ ಯಾರೂ ಓದೂದಿಲ್ಲ." ಅವಳು ರೊಟ್ಟಿ ಮುರಿದು ಅವನ ಕೈಗೆ ಕೊಟ್ಟಳು. "ದಣದಾವ್ರಿಗೆ ಹೇಳಿ ಮಾಡ್ಸಿದ್ದು ನೋಡ್ರಿ ಇದು. ಮುಗಿಯೂತನಕ ಎಚ್ಚರ ಇರಬೌದು."

ಗಾಳಿಗೆ ಅವಳ ಕೂದಲು ಹಾರಿ ಅವನ ತೋಳಿಗೆ ತಾಕುತ್ತಿತ್ತು. ಅವಳು ಅದನ್ನು ಹಿಡಿದು ಕಿವಿಯ ಹಿಂದೆ ಸಿಕ್ಕಿಸುತ್ತಿದ್ದಳು. ಅದು ಮತ್ತೆ ಹಾರುತ್ತಿತ್ತು. ಆಮೇಲಾಮೇಲೆ ಸಿಕ್ಕಿಸುವುದನ್ನು ಬಿಟ್ಟಳು. ಭುಜಕ್ಕೆ ಭುಜ ತಾಗಿತು, ಇಬ್ಬರೂ ಸರಿಯಲಿಲ್ಲ. ಅವನು ಅವಳ ಕಡೆ ನೋಡಿದ. ಅವಳು ಕಡಲಿನ ಕಡೆ ನೋಡುತ್ತಲೇ, ತನ್ನನ್ನು ನೋಡುತ್ತಿದ್ದಾನೆಂದು ಗೊತ್ತಿರುವವರ ಹಾಗೆ ಮುಖವನ್ನು ಬಿಗಿಹಿಡಿದಿದ್ದಳು.

"ಏನ್ರಿ?"

"ಏನಿಲ್ಲ. ಪ್ರಾಸ ಹುಡುಕ್ತಿದ್ದೆ."

"ಯಾವುದಕ್ಕ?"

"ಚೆನ್ನಮ್ಮ ಅನ್ನೋದಕ್ಕೆ."

"ಗುಮ್ಮ ಐತಲ್ರಿ," ಎಂದಳು. ಇಬ್ಬರೂ ನಕ್ಕರು. ಹೇಳಬೇಕಾದದ್ದು ಆ ನಗುವಿನಲ್ಲಿ ಹಾಗೇ ಕರಗಿಹೋಯಿತು. ಪ್ರತಿ ಶನಿವಾರವೂ ಹೀಗೇ. ಮಾತು ನಿಜದ ಹತ್ತಿರ ಬರುತ್ತಿದ್ದಂತೆ ಇಬ್ಬರಲ್ಲಿ ಒಬ್ಬರು ಅದನ್ನು ತಮಾಷೆ ಮಾಡಿ ಮುಗಿಸುತ್ತಿದ್ದರು. ಆಯಾಸವಾದವರಿಗೆ ಅದು ಸುಲಭದ ದಾರಿ. ಸೋಲುವ ಭಯವಿಲ್ಲ.

* * *

ಏಪ್ರಿಲ್‌ನಲ್ಲಿ ಅವಳ ಮೆಸೇಜ್ ಬಂತು. ವಿಸ್ಕಾನ್ಸಿನ್‌ನ ಒಂದು ಸಣ್ಣ ಕಾಲೇಜು. ಕಾಯಂ ಕೆಲಸ. ಆಗಸ್ಟ್‌ನಲ್ಲಿ ಸೇರಬೇಕು. ಕೊನೆಗೆ ಎರಡೇ ಶಬ್ದ: "ಏನಂತೀರಿ ನೀವು?"

ಗಿರಿಧರ ಮೀಟಿಂಗ್‌ನಲ್ಲಿದ್ದ. ಮೇಜಿನ ಕೆಳಗೆ ಫೋನ್ ಹಿಡಿದು ಅದನ್ನು ಮತ್ತೆ ಮತ್ತೆ ಓದಿದ. ಏನಾದರೂ ಬರೆಯಲೇಬೇಕಿತ್ತು, ಸುಮ್ಮನಿದ್ದರೆ ಅವಳು ತಪ್ಪು ತಿಳಿದಾಳು. ಅವನ ಬೆರಳಿಗೆ ಅಷ್ಟು ಹೊತ್ತಿಗೆ ಒಂದೇ ಒಂದು ರೂಢಿಯಾಗಿತ್ತು.

"ಚೆನ್ನಮ್ಮ ಹೊರಟರು ಹಿಮದ ನಾಡಿಗೆ;
ರಜೆ ಸಿಕ್ಕಿತು ಪಾಪ, ನನ್ನ ಗಾಡಿಗೆ."

ಕಳಿಸಿದ ಕ್ಷಣ ಚೆನ್ನಾಗಿದೆ ಅನ್ನಿಸಿತು. ಸಂಜೆ ಉತ್ತರ ಬಂತು: "ಪ್ರಾಸ ಚೊಲೊ ಕೂತೈತಿ." ಅಷ್ಟೇ. ಆ ಶನಿವಾರ ಪರೀಕ್ಷೆಯ ಪೇಪರ್ ಇವೆ ಎಂದಳು. ಅದರ ಮುಂದಿನ ಶನಿವಾರ ಏನೂ ಹೇಳಲಿಲ್ಲ. ಅವನೂ ಕೇಳಲಿಲ್ಲ. ಕೇಳಿದರೆ ಏನು ಉತ್ತರ ಬರುತ್ತದೋ ಎಂಬ ಹೆದರಿಕೆಯನ್ನು ಕೆಲಸದ ಒತ್ತಡವೆಂದು ಕರೆದುಕೊಂಡು ದಿನ ತಳ್ಳಿದ.

ಮೇ ತಿಂಗಳಲ್ಲಿ ಭಾನುಮತಿ ಆಂಟಿ ಊಟಕ್ಕೆ ಕರೆದು, ಹುಳಿ ಬಡಿಸುತ್ತಾ ಕೇಳಿದರು. "ಆ ಚೆನ್ನಮ್ಮನಿಗೆ ನೀನು ಏನೋ ಬರೆದು ಕಳಿಸಿದ್ಯಂತೆ. ಓದಿ ಹೇಳಿದಳು."

"ತಮಾಷೆಗೆ, ಆಂಟಿ. ಅವರೂ ಚೆನ್ನಾಗಿದೆ ಅಂದ್ರು."

"ಅಂದೇ ಅಂತಾಳೆ. ಮೇಷ್ಟ್ರಲ್ವಾ, ಮಾರ್ಕ್ಸ್ ಕೊಟ್ಟಿದಾಳೆ." ಅವರು ಸೌಟು ಕೆಳಗಿಟ್ಟರು. "ಅವಳು ಕೇಳಿದ್ದು ಪದ್ಯಾನಾ ಗಿರಿ? ಏನಂತೀರಿ ಅಂತ ಹೆಂಗಸು ಯಾವಾಗ ಕೇಳ್ತಾಳೆ, ಅಷ್ಟೂ ಗೊತ್ತಾಗಲ್ವಾ ನಿಂಗೆ?"

ಅವನು ತಲೆ ತಗ್ಗಿಸಿ ಅನ್ನ ಕಲಸುತ್ತಲೇ ಇದ್ದ. ಗೊತ್ತಾಗಿತ್ತು. ಮೇಜಿನ ಕೆಳಗೆ ಓದಿದಾಗಲೇ ಗೊತ್ತಾಗಿತ್ತು.

* * *

ಮರುದಿನ ಭಾನುವಾರ. ಫೋನ್ ಮಾಡದೆಯೇ ಹೊರಟ. ನಾರ್ತ್‌ರಿಜ್ ತಲುಪುವ ಹೊತ್ತಿಗೆ ಬಿಸಿಲು ಏರಿತ್ತು. ಅವಳ ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲಿ ಜಕರಂದಾ ಮರದ ಕೆಳಗೆ ಒಂದು ಹಳೆಯ ಸೋಫಾ ಇತ್ತು. ಅದರ ಮೇಲೆ ಚೆನ್ನಮ್ಮ ಕಾಲು ಮಡಚಿ ಕುಳಿತಿದ್ದಳು. ಸುತ್ತ ನೇರಳೆ ಹೂವು ಉದುರಿತ್ತು. ಬಿಸಿಲಿಗೆ ಕೈ ಅಡ್ಡ ಹಿಡಿದು ನೋಡಿ, ಇಂಗ್ಲಿಷ್‌ನಲ್ಲಿ, "ಸೋಫಾ ತಗೊಳ್ಳೋಕೆ ಬಂದಿದ್ದೀರಾ?" ಎಂದಳು. ಆಮೇಲೆ ಗುರುತು ಸಿಕ್ಕಿತು. ಕೈ ಕೆಳಗಿಳಿಯಿತು.

"ಅಲ್ಲ," ಎಂದ ಗಿರಿಧರ. "ಕೂತ್ಕೋಬಹುದಾ?"

"ಕೂಡ್ರಿ. ಮನಿ ಖಾಲಿ ಮಾಡಾಕತ್ತೀನಿ, ಇದನ್ನ ಯಾರೋ ಸ್ಟೂಡೆಂಟ್ ಒಯ್ಯಾಕ ಬರಾವಿದ್ದಾನ. ಅಲ್ಲಿಮಟ ನಮ್ದ."

ಅವಳ ಕಣ್ಣಿನ ಕೆಳಗೆ ಕಪ್ಪಾಗಿತ್ತು. ಅವನು ದಾರಿಯುದ್ದಕ್ಕೂ ಹೇಳಿಕೊಂಡು ಬಂದ ಮಾತುಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ.

"ಹೋಗ್ಬೇಡಿ ಅಂತ ಹೇಳೋಕೆ ಬಂದಿಲ್ಲ," ಎಂದ. "ಹೋಗಿ. ಎಷ್ಟು ವರ್ಷದಿಂದ ಕಾದಿದ್ದೀರ ಅಂತ ಗೊತ್ತು. ಆದ್ರೆ ಅವತ್ತು ನಿಮ್ಮ ಮೆಸೇಜ್ ಓದಿದಾಗ ನಂಗೆ ಏನೂ ತೋಚಲಿಲ್ಲ. ಕೈಕಾಲೇ ಆಡಲಿಲ್ಲ. ಅದನ್ನ ಹೇಳ್ಬೇಕಿತ್ತು. ನಾಚಿಕೆ ಆಯ್ತು. ಅದಕ್ಕೆ ಆ ಹಾಳು ಗಾಡಿ, ನಾಡಿ ಅಂತ ಏನೋ ಬರೆದೆ." ಉಸಿರು ತೆಗೆದುಕೊಂಡ. "ಶನಿವಾರ ಬರುತ್ತೆ ಅಂತಲೇ ನಾನು ವಾರ ಪೂರ್ತಿ ಆಫೀಸಿಗೆ ಹೋಗ್ತಿದ್ದೆ. ಈಗಲೂ ಕಾಫಿ ಇಬ್ಬರಿಗೆ ಆಗೋಷ್ಟು ಮಾಡ್ತೀನಿ, ಆಮೇಲೆ ಚೆಲ್ತೀನಿ. ನಂಗೆ ನೀವು ಅಂದ್ರೆ ತುಂಬ ಇಷ್ಟ, ಚೆನ್ನಮ್ಮ. ನೀವು ಹೋಗೋದು ಸರಿ. ನೀವು ಇಲ್ದೆ ನಂಗಾಗಲ್ಲ. ಎರಡೂ ನಿಜ. ಇದಕ್ಕಿಂತ ಚೆನ್ನಾಗಿ ಹೇಳೋಕೆ ಬರಲ್ಲ."

ಅವಳ ನಾಲಿಗೆಯ ತುದಿಗೆ ಏನೋ ಚುರುಕು ಮಾತು ಬಂದದ್ದು ಅವನಿಗೆ ಕಂಡಿತು. ತುಟಿಯ ಮೂಲೆ ಕದಲಿತು. ಅವಳು ಅದನ್ನು ನುಂಗಿದಳು.

"ನಿಮಗ ಮೆಸೇಜ್ ಹಾಕಿದಾಗ ನಾ ಆ ಕಾಲೇಜಿಗೆ ಇನ್ನೂ ಹೂಂ ಅಂದಿರಲಿಲ್ಲ," ಎಂದಳು ನಿಧಾನವಾಗಿ. "ನಿಮ್ಮ ಪದ್ಯ ಬಂದ ಮ್ಯಾಲ ಅಂದೆ. ತಪ್ಪೇನಲ್ಲ, ಆ ಕೆಲಸ ನನಗ ಬೇಕಾಗಿತ್ತು. ಆದ್ರ ಒಬ್ಬರರ ಬ್ಯಾಡ ಅನ್ಲಿ ಅಂತ ಅನಸಿತ್ರಿ. ಅಂದಿದ್ರೂ ನಾ ಹೋಗಾಕಿನ. ಆದ್ರೂ ಅನ್ಲಿ ಅಂತ."

ಅವನು ಅವಳ ಕೈ ಹಿಡಿದುಕೊಂಡ. ಅವಳು ಬಿಡಿಸಿಕೊಳ್ಳಲಿಲ್ಲ. ತಲೆಯನ್ನು ಸೋಫಾದ ಬೆನ್ನಿಗೆ ಒರಗಿಸಿ ಕಣ್ಣು ಮುಚ್ಚಿದಳು. ರೆಪ್ಪೆಯ ಅಂಚಿನಿಂದ ಒಂದು ಹನಿ ಕಿವಿಯ ಕಡೆ ಇಳಿಯಿತು.

"ಬ್ಯಾಸರ ಬಂದೈತ್ರಿ ನನಗ," ಎಂದಳು. "ಶಾಣ್ಯಾಕಿ ಆಗಿ ಆಗಿ."

"ನಾನು ಸೆಪ್ಟೆಂಬರ್‌ನಲ್ಲಿ ಬರ್ತೀನಿ. ಒಂದು ವಾರ ರಜ ಹಾಕಿ. ಆಮೇಲೆ ಅಲ್ಲೇ ಕೆಲಸ ಹುಡುಕ್ತೀನಿ. ಸಿಗುತ್ತೋ ಇಲ್ವೋ ಗೊತ್ತಿಲ್ಲ. ಹುಡುಕಲಾ?"

"ಅಲ್ಲಿ ಭಾಳ ಥಂಡಿ ಅಂತ."

"ಗೊತ್ತು."

"ಆರು ತಿಂಗಳ ಬರ್ಫ."

"ಗೊತ್ತು. ಇಂಟರ್ನೆಟ್‌ನಲ್ಲಿ ನೋಡ್ದೆ."

ಅಷ್ಟರಲ್ಲಿ ಒಂದು ಪಿಕಪ್ ಗಾಡಿ ಬಂದು ನಿಂತಿತು. ಇಬ್ಬರೂ ಏಳಬೇಕಾಯಿತು. ಸೋಫಾ ಎತ್ತಲು ಗಿರಿಧರನೂ ಕೈಜೋಡಿಸಿದ. ಗಾಡಿ ಹೋದ ಮೇಲೆ ಅದಿದ್ದ ಜಾಗದಲ್ಲಿ ಹೂವು ಬೀಳದ ಉದ್ದನೆಯ ಪಟ್ಟಿ ಉಳಿದಿತ್ತು. ಅವಳು ಅದನ್ನೇ ನೋಡುತ್ತಾ ನಿಂತಳು. ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲ ಕಡೆ ನಡೆದು, ಎರಡು ಮೆಟ್ಟಿಲು ಹತ್ತಿ ತಿರುಗಿದಳು.

"ಹುಡುಕು," ಎಂದಳು.

ಅವನು ಇನ್ನೂ ಕೆಳಗೇ ನಿಂತಿದ್ದ. ಅವಳು ಕಾದಳು.

"ಮ್ಯಾಲ ಬಾ ಗಿರಿ. ಚಾ ಮಾಡ್ತೀನಿ. ನೆಲದ ಮ್ಯಾಲ ಕೂಡ್ರಬೇಕಾಗತೈತಿ ನೋಡು."