ಬಾಲವಿದ್ದ ಶಾವಿಗೆ

ಪುಷ್ಯ ಬಹುಳ ತದಿಗೆ, ಗುರುವಾರ. ಬೆಳಗ್ಗೆ ಮಂಜು, ಹೊತ್ತೇರಿದ ಮೇಲೆ ಒಣಬಿಸಿಲು. ಶಾವಿಗೆ ಒಣಗಿಸಲು ಹೇಳಿ ಮಾಡಿಸಿದಂಥ ದಿನ. ಆದರೂ ಕದಿರುನಾಡೆಂಬ ರಾಜ್ಯದಲ್ಲಿ ಒಂದು ಮನೆಯ ಅಂಗಳದಲ್ಲೂ ಚಾಪೆ ಹಾಸಿರಲಿಲ್ಲ. ಇದು ಬಹಳ ಹಿಂದಿನ ಮಾತು. ಎಷ್ಟು ಹಿಂದಿನದೆಂದರೆ, ಆಗ ಪ್ರಾಣಿಗಳೂ ಅಂಗಡಿ ಇಡುತ್ತಿದ್ದವು.

ಬೆಳ್ಗಣ್ಣನೆಂಬ ಮಾಂತ್ರಿಕ ಆ ನಾಡಿನ ಮೇಲೆ ಒಮ್ಮೆ ಉಸಿರು ಬಿಟ್ಟಿದ್ದ. ಆ ಒಂದೇ ಉಸಿರಿಗೆ ಶಾವಿಗೆ ಒತ್ತುವ ಒರಳುಗಳೆಲ್ಲ ಬೂದಿಯಾದವು. ಮನೆಮನೆಯ ಗಡಿಗೆಗಳಲ್ಲಿದ್ದ ಒಣ ಶಾವಿಗೆ ಹಾರಿಹೋಗಿ ಅವನ ಸಂತೆ ಸೇರಿತು. ಜನರ ನಾಲಿಗೆಯಿಂದ ರುಚಿ ಹೋಯಿತು. ಅರಸನೇ ಪಾಯಸ ಕುಡಿದು, "ಇದೇನು, ಕಂಬಳಿ ನೆನೆಸಿ ಹಿಂಡಿದ್ದೀರಾ?" ಎಂದು ಅಡುಗೆಯವರನ್ನು ಕೇಳುತ್ತಿದ್ದ. ಹೆಚ್ಚಿನವರು ಹೇಗೋ ನುಂಗಿ ಬದುಕಿದರು. ತಿಪ್ಪಾಜಿಗೆ ಅದು ಆಗಲಿಲ್ಲ.

ತಿಪ್ಪಾಜಿ ಓಬಳನ ಅಕ್ಕ. ತಾಯಿ ತೀರಿಕೊಂಡ ಮೇಲೆ ತಮ್ಮನನ್ನು ಸಾಕಿದವಳು. ಹಾಸಿಗೆ ಹಿಡಿದು ಒಂಬತ್ತು ದಿನವಾಗಿತ್ತು. ತುತ್ತು ಬಾಯಿಗಿಟ್ಟರೆ ಹೊರಗೆ ಬರುತ್ತಿತ್ತು.

ಪಕ್ಕದ ಮನೆಯ ಕಾಳಜ್ಜಿ ಬಂದು ಅವಳ ಕೈ ಹಿಡಿದು ನೋಡಿದಳು. "ಇನ್ನು ಮೂರು ದಿನ ತಡೆದಾಳು. ನಾಲಿಗೆ ಎಬ್ಬಿಸಬೇಕಾದರೆ ಅದು ಮೊದಲು ಕಲಿತ ರುಚಿಯೇ ಬೇಕು ಕಣೋ. ನಿಮ್ಮಮ್ಮ ಒತ್ತಿದ ಅಕ್ಕಿ ಶಾವಿಗೆ. ಒಂದು ನಾಲಿಗೆ ಎದ್ದರೆ ಸಾಕು, ಅವನ ಮಾಟವೆಲ್ಲ ಮುರಿಯುತ್ತೆ."

"ಅಮ್ಮ ಎಲ್ಲಿ, ಶಾವಿಗೆ ಎಲ್ಲಿ ಅಜ್ಜಿ?"

"ಅವಳ ನೆನಪಿಗೆ ನಿಮ್ಮ ಗಡಿಗೇಲಿ ಉಳಿಸಿದ್ದ ಸುರುಳಿ ಅವನ ಸಂತೇಲಿದೆ. ಹೋಗಿ ಕೊಂಡು ಬಾ. ತಪ್ಪಾಗಿ ಆರಿಸಿದವರು ಅಲ್ಲೇ ದನವಾಗಿ ಗಾಡಿ ಎಳೀತಾರಂತೆ. ಅದಕ್ಕೆ, ಮೊದಲು ಮುರಿದು ನೋಡು. ಆಮೇಲೆ ನೆನೆಸಿ ನೋಡು. ಅಷ್ಟಾದ ಮೇಲೂ ಅವಸರ ಮಾಡಬೇಡ."

ಓಬಳ ಒಂದು ತಂಬಿಗೆ ನೀರು ತುಂಬಿಕೊಂಡು ಹೊರಟ.

ದಾರಿ ಹುಡುಕುತ್ತ ಏಳು ಗುಡ್ಡ ದಾಟಿದ ಮೇಲೆ ಎರಡನೆಯ ದಿನ ಸಂತೆ ಸಿಕ್ಕಿತು. ಮೊದಲ ಅಂಗಡಿ ಕೊಕ್ಕರೆಯದು. ಅದರ ಮುಂದೆ ಹಾಲಿನಂತೆ ಬೆಳ್ಳಗಿನ ಶಾವಿಗೆಯ ಗುಡ್ಡೆ.

"ಬನ್ನಿ ಯಜಮಾನರೇ, ಇಷ್ಟು ಬಿಳುಪು ನಿಮ್ಮ ಅರಸನ ಪಂಚೆಗೂ ಇಲ್ಲ," ಎಂದಿತು ಕೊಕ್ಕರೆ.

ಓಬಳ ಒಂದು ಎಳೆ ತೆಗೆದು ಮುರಿಯಲು ಹೋದ. ಅದು ಮುರಿಯಲಿಲ್ಲ, ಬಾಗಿತು. ಇನ್ನಷ್ಟು ಬಗ್ಗಿಸಿದ. ದಾರದಂತೆ ಬೆರಳಿಗೆ ಸುತ್ತಿಕೊಂಡಿತು.

"ಒಣಗಿದ ಶಾವಿಗೆ ಟಕ್ ಅನ್ನಬೇಕು. ಇದು ಯಾರದೋ ನರೆಗೂದಲು," ಎಂದ.

"ಕೂದಲಾದರೇನು, ಬಿಳುಪಿಲ್ಲವೇ?" ಎಂದು ಕೊಕ್ಕರೆ ಹಿಂದಿನಿಂದ ಕೂಗುತ್ತಲೇ ಇತ್ತು.

ಎರಡನೆಯ ಅಂಗಡಿ ಹುಲಿಯದು. ಇಲ್ಲಿಯ ಎಳೆ ಟಕ್ಕೆಂದು ಮುರಿಯಿತು. ಮೂಸಿದರೆ ಹೊಸ ಅಕ್ಕಿಯ ಪರಿಮಳ. ಓಬಳನಿಗೆ ಆಸೆಯಾಯಿತು. ಅಕ್ಕನ ಮುಖ ಕಣ್ಣ ಮುಂದೆ ಬಂತು. ಇದನ್ನೇ ಕೊಂಡು ಓಡಿಬಿಡಲೇ ಎನ್ನಿಸಿತು. ಆದರೂ ಮುರಿದ ಚೂರನ್ನು ತಂಬಿಗೆಯೊಳಗೆ ಹಾಕಿ ಕುಕ್ಕುರುಗಾಲಲ್ಲಿ ಕೂತ.

"ಏನಯ್ಯ, ಸ್ನಾನ ಮಾಡಿಸ್ತಿದ್ದೀಯಾ?" ಎಂದು ಹುಲಿ ಗುರುಗುಟ್ಟಿತು.

"ಹೊತ್ತಿದೆಯಲ್ಲ, ಹುಲಿಯಣ್ಣ."

ಸ್ವಲ್ಪ ಹೊತ್ತಿಗೆ ನೀರು ಸುಣ್ಣ ಕದಡಿದಂತಾಯಿತು. ಚೂರು ಕಾಣಿಸಲಿಲ್ಲ. ತಣ್ಣೀರಿಗೇ ಕರಗಿದ್ದು ಬಿಸಿನೀರಿಗೆ ಉಳಿದೀತೇ? ಓಬಳ ಆ ನೀರು ಚೆಲ್ಲಿ ಎದ್ದ. ಹುಲಿ ಹಲ್ಲು ಕಡಿಯಿತೇ ಹೊರತು ಅಂಗಡಿ ಬಿಟ್ಟು ಏಳಲಿಲ್ಲ. ಆ ಸಂತೆಯ ಕಟ್ಟಳೆ ಹಾಗೆ.

ಮೂರನೆಯ ಅಂಗಡಿಯಲ್ಲಿ ಬೆಳ್ಗಣ್ಣನೇ ಕೂತಿದ್ದ. ಅವನ ಕಣ್ಣಲ್ಲಿ ಪಾಪೆ ಇರಲಿಲ್ಲ, ಬರೀ ಬಿಳಿ. ಅವನ ಹಿಂದೆ ಕದಿರುನಾಡಿನ ಎಲ್ಲ ಮನೆಗಳ ಶಾವಿಗೆ ಸುರುಳಿ ಸುರುಳಿಯಾಗಿ ಮಾಳಿಗೆಯೆತ್ತರಕ್ಕೆ ಬಿದ್ದಿತ್ತು. ಓಬಳ ಮುರಿದು ನೋಡಿದ. ಎಲ್ಲವೂ ಟಕ್ಕೆಂದವು. ತಂಬಿಗೆಗೆ ಬೇರೆ ನೀರು ತುಂಬಿ ನೆನೆಸಿ ನೋಡಿದ. ನೀರು ತಿಳಿಯಾಗಿಯೇ ಇತ್ತು.

"ಎಲ್ಲವೂ ಒಳ್ಳೆಯವೇ," ಎಂದ ಮಾಂತ್ರಿಕ. "ಒಂದು ಮಾತ್ರ ನಿಮ್ಮದು. ಗುರುತು ಹಿಡಿದರೆ ಮಾರಲೇಬೇಕು, ಅದು ಸಂತೆಯ ಧರ್ಮ. ಬೆಲೆ ಹೇಳುವುದು ನನ್ನ ಧರ್ಮ. ತಪ್ಪಿದರೆ ಅಗೋ, ಗಾಡಿಗೆ ಒಂದು ಎತ್ತು ಕಡಿಮೆಯಿದೆ."

ಮುರಿಯುವುದೂ ಮುಗಿದಿತ್ತು, ನೆನೆಸುವುದೂ ಮುಗಿದಿತ್ತು. ಓಬಳ ಅವಸರ ಮಾಡಲಿಲ್ಲ. ಸುಮ್ಮನೆ ಕೂತು ನೋಡಿದ. ನೋಡುತ್ತ ನೋಡುತ್ತ ಅವನಿಗೆ ಸುರುಳಿಗಳಲ್ಲ, ಕೈಗಳು ಕಂಡವು. ಶಾವಿಗೆ ಒಬ್ಬರಿಂದ ಆಗುವ ಕೆಲಸವಲ್ಲ. ಮೇಲೆ ಒಬ್ಬರು ಒತ್ತಬೇಕು, ಕೆಳಗೆ ಒಬ್ಬರು ಕೂತು ಬಿಸಿ ಎಳೆಗಳನ್ನು ಹಿಡಿದು ಸುತ್ತಬೇಕು. ಕೆಲವು ಬಿಗಿ ಸುರುಳಿಗಳು, ಕೆಲವು ಸಡಿಲ. ಒಂದು ಮನೆಯವರು ಎಡಕ್ಕೆ ಸುತ್ತಿದ್ದರು.

ಅವನ ಮನೆಯಲ್ಲಿ ತಾಯಿ ಒತ್ತುತ್ತಿದ್ದಳು, ಕೆಳಗೆ ಕೂರುತ್ತಿದ್ದವನು ಐದು ವರ್ಷದ ಅವನೇ. ಬೆರಳು ಸುಡುತ್ತಿತ್ತು. ಕೊನೆಯ ಎಳೆಯನ್ನು ಒಳಗೆ ಸೇರಿಸುವಷ್ಟು ತಾಳ್ಮೆ ಇರುತ್ತಿರಲಿಲ್ಲ, ಚಿವುಟಿ ಬಿಟ್ಟುಬಿಡುತ್ತಿದ್ದ. ಪ್ರತಿ ಸುರುಳಿಗೂ ಒಂದು ಬಾಲ. ತಾಯಿ ಮೇಲಿನಿಂದ, "ಏ ಇಲಿಬಾಲ! ಬಾಲ ಒಳಗೆ ಹಾಕೋ!" ಎನ್ನುತ್ತಿದ್ದಳು. ಆಮೇಲೆ ಅದೇ ಅವನ ಹೆಸರಾಯಿತು. ಊಟಕ್ಕೆ ಕರೆಯುವಾಗ ಇಲಿಬಾಲ, ಜ್ವರ ಬಂದಾಗ ಇಲಿಬಾಲ, ಕಣ್ಣು ಮುಚ್ಚುವ ಮೊದಲು ಅವಳು ಕೊನೆಗೆ ಕರೆದದ್ದೂ ಇಲಿಬಾಲ.

ರಾಶಿಯ ಅಡಿಯಲ್ಲಿ ಒಂದು ಸುರುಳಿಯಿಂದ ಗೇಣುದ್ದದ ಎಳೆ ಹೊರಗೆ ಚಾಚಿತ್ತು.

"ಅದು," ಎಂದ ಓಬಳ.

ಬೆಳ್ಗಣ್ಣನ ಮುಖ ಕಪ್ಪಿಟ್ಟಿತು. ಬಗ್ಗಿ ಓಬಳನ ಕಿವಿಯಲ್ಲಿ ಬೆಲೆ ಹೇಳಿದ.

"ಬೇರೆ ಏನಾದರೂ ಕೇಳು," ಎಂದ ಓಬಳ.

"ಬೇರೆ ಏನೂ ನನಗೆ ಬೇಡ."

ಅಕ್ಕನಿಗೆ ಇನ್ನು ಒಂದೇ ದಿನ ಉಳಿದಿತ್ತು. ಓಬಳ ಹೂಂ ಎಂದ.

ಮನೆಗೆ ಬಂದವನು ನೀರು ಕುದಿಸಿ, ಶಾವಿಗೆ ಅದ್ದಿ ತೆಗೆದು, ಬೆಲ್ಲ ಕರಗಿಸಿದ ಕಾಯಿಹಾಲು ಸುರಿದು ಅಕ್ಕನ ಬಾಯಿಗೆ ಒಂದು ತುತ್ತಿಟ್ಟ. ಅವಳು ಅಗಿದಳು. ನಿಲ್ಲಿಸಿದಳು. ಕಣ್ಣು ತೆರೆದು, "ಬೆಲ್ಲ ಕಡಿಮೆಯಾಯಿತು," ಎಂದಳು.

ಅಷ್ಟೇ ಸಾಕಾಯಿತು. ಹುಲಿಯ ಅಂಗಡಿಯ ಶಾವಿಗೆ ನೀರಿಗೆ ಬಿದ್ದಂತೆ ಬೆಳ್ಗಣ್ಣ ಕರಗಿಹೋದ. ಬೂದಿಯೆಲ್ಲ ಒರಳಾಯಿತು, ಎತ್ತುಗಳೆಲ್ಲ ಮನುಷ್ಯರಾಗಿ ಮನೆಗೆ ಬಂದರು, ಅರಸ ಪಾಯಸವನ್ನು ಎರಡನೆಯ ಸಲ ಹಾಕಿಸಿಕೊಂಡ. ಕದ್ದದ್ದೆಲ್ಲ ಹಿಂದಿರುಗಿತು. ಬೆಲೆಯಾಗಿ ಕೊಟ್ಟದ್ದು ಹಿಂದಿರುಗುವುದಿಲ್ಲ.

"ಸಂತೆಯಲ್ಲಿ ಏನು ಕೊಟ್ಟೆಯೋ?" ಎಂದು ತಿಪ್ಪಾಜಿ ಕೇಳಿದಳು.

"ನೆನಪಾಗ್ತಿಲ್ಲಕ್ಕ. ಏನೋ ಸಣ್ಣದಿರಬೇಕು."

ಮರುವಾರ ಕದಿರುನಾಡಿನ ಅಂಗಳಗಳಲ್ಲಿ ಚಾಪೆ ಹಾಸಿದರು. ತಿಪ್ಪಾಜಿ ಒರಳಿನ ಮುಂದೆ ನಿಂತಳು, ಓಬಳ ಕೆಳಗೆ ಕೂತ. ಮೊದಲ ಸುರುಳಿ ಚಾಪೆಗೆ ಬಿತ್ತು. ಗುಂಡಗೆ, ಅಚ್ಚುಕಟ್ಟಾಗಿ, ಕೊನೆಯ ಎಳೆ ಒಳಗೆ ಸೇರಿ. ಎರಡನೆಯದೂ ಹಾಗೇ. ತಿಪ್ಪಾಜಿಗೆ ನಗು ಬಂತು. ತಾಯಿಯ ದನಿಯನ್ನೇ ತೆಗೆದು ಕರೆದಳು:

"ಏ ಇಲಿಬಾಲ! ಬಾಲ ಎಲ್ಲೋ?"

ಓಬಳ ಹಿಂತಿರುಗಿ ಅಂಗಳವನ್ನೆಲ್ಲ ನೋಡಿದ. ಅಲ್ಲಿ ಬೇರೆ ಯಾರೂ ಇರಲಿಲ್ಲ.

"ಯಾರನ್ನು ಕರೆದೆ ಅಕ್ಕ?" ಎಂದ.