ಗೋಧಿಯ ಮೇಲಿನ ಅಕ್ಷರ

“ಮೂರಲ್ಲ ಮಗಾ, ನಾಲ್ಕು,” ಎಂದಳು ಬೇಲಿಯಾಚೆಯ ಮುದುಕಿ. “ನಾಲ್ಕನೇ ಟ್ಯಾಂಕು ಈ ಬೇಲಿ ಬುಡದಲ್ಲಿದೆ. ಅಗೀದೆ ಹೋದ್ರೆ ನಿನಗೆ ಒಳ್ಳೇದಾಗಲ್ಲ.”

ರೋವನ್ ಟಲಕ್ ನಕ್ಕುಬಿಟ್ಟ. ಮೆಲ್ಬರ್ನಿನ ಉತ್ತರದಂಚಿನಲ್ಲಿ ಮುಚ್ಚಿಹೋಗಿದ್ದ ಆ ಪೆಟ್ರೋಲ್ ಬಂಕಿನ ಮಣ್ಣು ಪರೀಕ್ಷಿಸಿ, ನೆಲ ಶುದ್ಧವಾಯಿತೆಂದು ರುಜು ಹಾಕಲು ಅವನು ಬಂದು ಎರಡೇ ದಿನವಾಗಿತ್ತು. ದಾಖಲೆಯಲ್ಲಿದ್ದುದು ಮೂರು ಟ್ಯಾಂಕು; ಮೂರೂ ಮೇಲೆ ಬಂದಿದ್ದವು. ಶುಕ್ರವಾರ ರುಜು ಬಿದ್ದರೆ ಹತ್ತೊಂಬತ್ತು ಮನೆಗಳ ಕೆಲಸ ಶುರು. ಇನ್ನೊಂದು ಸಿಕ್ಕಿತೋ, ವರ್ಷಗಟ್ಟಲೆ ಎಲ್ಲವೂ ನಿಂತಂತೆ.

ಮುದುಕಿಯ ಹೆಸರು ಸ್ತಮಾತಿಯಾ. ಗ್ರೀಕರ ಹೆಂಗಸು, ಗಂಡ ಪಾಂತೆಲಿಸ್ ಸತ್ತಂದಿನಿಂದ ಕಪ್ಪು ಬಟ್ಟೆ ಬಿಟ್ಟು ಬೇರೆ ತೊಟ್ಟವಳಲ್ಲ. ಈ ಬೇಲಿ ಬುಡದಲ್ಲೇ ಅವನು ಟೊಮೇಟೊ ಬೆಳೆದ, ಬೆಳೆದದ್ದನ್ನು ತಿಂದ, ಕೊನೆಗೆ ಮೈಯ ರಕ್ತವೇ ಕೆಟ್ಟು ಸತ್ತ ಎಂದು ತಗ್ಗಿದ ದನಿಯಲ್ಲಿ, ಬಾಯಿಪಾಠ ಒಪ್ಪಿಸುವವಳಂತೆ ಹೇಳಿದಳು. ಇನ್ನು ಇಲ್ಲಿ ಮಕ್ಕಳು ಆಡುತ್ತಾರಲ್ಲ ಎಂದಳು. ರೋವನ್ ಆಗಲಿ ಎಂದು ತಲೆಯಾಡಿಸಿದ. ಅತ್ತ ತಿರುಗಿ, ಕ್ವಾರಿಯಿಂದ ತರಿಸಿದ್ದ ಹೊಸ ಮರಳಿನ ಗುಡ್ಡೆಯಿಂದ ಮಣ್ಣು ಪರೀಕ್ಷೆಯ ಎರಡು ಶೀಸೆ ತುಂಬಿಕೊಂಡ. ಮೇಲೆ ‘ಬೇಲಿ ಮೂಲೆ’ ಎಂದು ಚೀಟಿ ಅಂಟಿಸಿದ. ಸಂಜೆ ಹೊರಡುವಾಗ ಅವಳಿಗೆ ಕೇಳಿಸುವಂತೆ ಕೂಗಿಯೂ ಹೇಳಿದ: “ನಿಮ್ಮ ಮೂಲೆ ಶುದ್ಧ ಅಂತ ಬರೆದಾಯ್ತು ಅಜ್ಜಿ.”

ಬೇಲಿಯ ಸಂದಿಯಲ್ಲಿ ಒಂದು ಕಣ್ಣು ರೆಪ್ಪೆ ಹೊಡೆಯದೆ ನೋಡುತ್ತಿತ್ತು. ಶೀಸೆ ತುಂಬುವಾಗಲೂ ಅದು ಅಲ್ಲೇ ಇತ್ತು.

ಮರುದಿನ ಬೆಳಿಗ್ಗೆ ಅವಳು ತಟ್ಟೆ ಹಿಡಿದು ಬಂದಳು. ಬೇಯಿಸಿದ ಗೋಧಿ, ದಾಳಿಂಬೆ ಕಾಳು, ಚಕ್ಕೆಯ ಘಮ. ಮೇಲೆ ದಪ್ಪಗೆ ಸಕ್ಕರೆ ಪುಡಿ. ಅದರ ನಡುವೆ ಬೆಳ್ಳಿ ಬಣ್ಣದ ಮಿಠಾಯಿ ಮಣಿ ಜೋಡಿಸಿ ಬರೆದ ಒಂದೇ ಅಕ್ಷರ, ಇಂಗ್ಲಿಷಿನ ‘ಪಿ’. ಸತ್ತವರ ಹೆಸರಿನಲ್ಲಿ ಹಂಚುವ ಗೋಧಿ ಇದು, ತಿಂದವನು ‘ದೇವರು ಅವನನ್ನು ಕ್ಷಮಿಸಲಿ’ ಎನ್ನಬೇಕು ಎಂದಳು. ಆಮೇಲೆ ಅವನ ಮುಖವನ್ನೇ ನೋಡಿದಳು.

“ಬೇಲಿ ಹತ್ರ ಅಗೀತೀನಿ ಅನ್ನು. ತಟ್ಟೆ ವಾಪಸ್ ತಗೊಂಡು ಹೋಗ್ತೀನಿ.”

“ತಿಂಡಿ ತಂದು ಹೆದರಿಸೋರನ್ನ ಇವತ್ತೇ ನೋಡಿದ್ದು. ಪಿ ಅಂದ್ರೆ ಏನಜ್ಜಿ, ಪೆಟ್ರೋಲಾ?”

ಅವಳು ನಗಲಿಲ್ಲ. ಗಂಡನ ಹೆಸರಿನ ಮೊದಲಕ್ಷರವಿರಬೇಕೆಂದು ಅವನೇ ಊಹಿಸಿಕೊಂಡ. ಅಂಚಿನಿಂದ ಮೂರು ಚಮಚ ತಿಂದ. ಹೇಳಬೇಕಾದ ಮಾತು ಹೇಳದೆ ಬಾಯೊರೆಸಿಕೊಂಡ. ಮುದುಕಿ ತಟ್ಟೆಯನ್ನು ಅಲ್ಲೇ ಬಿಟ್ಟು ಹೋದಳು.

ಮಧ್ಯಾಹ್ನದ ಕಾಫಿ ಪೆಟ್ರೋಲ್ ನಾರಿತು. ಬಾಟಲಿಯ ನೀರೂ ನಾರಿತು. ಕೆಟ್ಟ ಗಾಳಿ ಹೊರಬಾರದೆಂದು ಟ್ಯಾಂಕು ತೆಗೆದ ಗುಂಡಿಯ ಮೇಲೆ ಕಟ್ಟಿದ್ದ ದೊಡ್ಡ ಡೇರೆಯಿಂದ ಸೋರುತ್ತಿರಬಹುದೆಂದು ಅವನು ಒಳಹೊಕ್ಕ. ಒಳಗೆ ಮಬ್ಬುಗತ್ತಲೆ, ಫ್ಯಾನುಗಳ ಗೊರಗೊರ. ಆವಿ ಅಳೆಯುವ ಮೀಟರನ್ನು ನೆಲಕ್ಕೆ ಹಿಡಿದ. ಸದ್ದಿಲ್ಲ. ಗುಂಡಿಯ ಗೋಡೆಗೆ ಹಿಡಿದ. ಸದ್ದಿಲ್ಲ. ನೆಟ್ಟಗಾಗಿ ಒಂದು ಉಸಿರು ಬಿಟ್ಟ. ಎದೆಯ ಬಳಿಯಿದ್ದ ಮೀಟರು ಕಿಟಾರನೆ ಕಿರುಚಿಕೊಂಡಿತು.

ಆ ಸದ್ದಿಗೆ ಲಾಕಿಸ್ ಒಳಬಂದ. ಜೆಸಿಬಿ ಓಡಿಸುವವನು, ಅವನೂ ಗ್ರೀಕರವನೇ. ಕೈಯಲ್ಲಿ ಆ ತಟ್ಟೆ.

“ಇದನ್ನ ಯಾರು ತಿಂದಿದ್ದು ಗುರೂ?”

ಪಾಂತೆಲಿಸನ ಗೋಧಿ, ತಾನೇ ತಿಂದೆ ಎಂದ ರೋವನ್.

“ಪಾಂತೆಲಿಸ್ ಅಲ್ಲ. ನಮ್ಮ ಲಿಪೀಲಿ ‘ಪ’ ಬಾಗಿಲ ಚೌಕಟ್ಟಿನ ಥರ ಇರತ್ತೆ. ಇದು…” ಲಾಕಿಸ್ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡ. “ಇದು ‘ರ’.”

ಬದುಕಿರುವವನ ಹೆಸರಿನಲ್ಲಿ ಈ ಗೋಧಿ ಬೇಯಿಸುವಂತಿಲ್ಲ ಎಂದು ಅವನು ತೊದಲುತ್ತಿದ್ದ. ರೋವನ್ ಕೇಳಲು ನಿಲ್ಲಲಿಲ್ಲ.

ಓಡಿದ. ಬೇಲಿಯ ಬುಡ. ಸಲಿಕೆ. ಅಗೆದ. ಅಂಗೈ ಒಡೆಯಿತು. ಅಗೆದ. ಉಸಿರೆಳೆದರೆ ಪೆಟ್ರೋಲು. ಬಿಟ್ಟರೆ ಪೆಟ್ರೋಲು. ಠಣ್. ತುಕ್ಕು ತಿಂದ ಕಬ್ಬಿಣ. ನಾಲ್ಕನೆಯದು. ಹೊಟ್ಟೆ ಬಿರಿದು ಬಿದ್ದಿತ್ತು. ಮೀಟರನ್ನು ಅದರೊಳಗಿಳಿಸಿದ. ಸೊನ್ನೆ. ಸುತ್ತಲಿನ ಮಣ್ಣಿಗೆ ಹಿಡಿದ. ಸೊನ್ನೆ. ಹಿಂದೆಯೇ ಬಂದ ಲಾಕಿಸ್ ಒಂದು ಹಿಡಿ ಮಣ್ಣೆತ್ತಿ ಮೂಸಿ, ಬರೀ ಮಳೆಗೆ ನೆಂದ ನೆಲದ ವಾಸನೆ ಎಂದ.

ಹಾಗಾದರೆ ಅಷ್ಟು ವರ್ಷದ ವಿಷ ಎಲ್ಲಿ ಹೋಯಿತು? ರೋವನ್‌ನ ಮೂಗಿನಿಂದ ಒಂದು ಹನಿ ಜಾರಿ ಮುಂಗೈ ಮೇಲೆ ಬಿತ್ತು. ಕಪ್ಪು ಹನಿ. ಅದರಲ್ಲಿ ಕಾಮನಬಿಲ್ಲಿನ ಬಣ್ಣ ಆಡುತ್ತಿತ್ತು.

“ಶುದ್ಧ ಅಂತ ಬರೆದಿದ್ದೆಯಲ್ಲ ಮಗಾ,” ಎಂದಳು ಬೇಲಿಯಾಚೆಯಿಂದ ಸ್ತಮಾತಿಯಾ. “ನಿನ್ನ ಮಾತು ಸುಳ್ಳಾಗೋದು ಬೇಡ ಅಂದ್ಕೊಂಡೆ.”

ಹೇಳದೆ ಬಿಟ್ಟ ಮಾತನ್ನು ಹೇಳಲು ಅವನು ಬಾಯಿ ತೆರೆದ. ‘ದೇವರು’ ಎನ್ನುವಷ್ಟರಲ್ಲಿ ಬಾಯಿ ತುಂಬ ಪೆಟ್ರೋಲು ಉಕ್ಕಿತು.

ಹತ್ತೊಂಬತ್ತು ಮನೆಗಳೂ ಎದ್ದಿವೆ. ಮಕ್ಕಳು ಮಣ್ಣಿನಲ್ಲಿ ಹೊರಳಾಡುತ್ತವೆ. ಯಾವ ಮಗುವಿಗೂ ಏನೂ ಆಗಿಲ್ಲ. ಬೇಲಿ ಬುಡದಲ್ಲಿ ಮತ್ತೆ ಟೊಮೇಟೊ ಕೆಂಪಾಗಿದೆ. ವರ್ಷಕ್ಕೊಮ್ಮೆ ಸ್ತಮಾತಿಯಾ ಗೋಧಿ ಬೇಯಿಸುತ್ತಾಳೆ. ಸಕ್ಕರೆಯ ಮೇಲೆ ಈಗ ಎರಡು ಅಕ್ಷರ. ಬಾಗಿಲ ಚೌಕಟ್ಟಿನಂಥದನ್ನು ನೋಡಿ ‘ದೇವರು ಅವನನ್ನು ಕ್ಷಮಿಸಲಿ’ ಎನ್ನುತ್ತಾಳೆ. ಇನ್ನೊಂದನ್ನು ನೋಡುತ್ತಾ ಸುಮ್ಮನೆ ಅಗಿಯುತ್ತಾಳೆ.