ಆರುನೂರು ಮೀಟರು, ಆರು ಚಹಾ

ಸೋಮವಾರ ಮುಂಜಾನೆ ಹಾಲೇಶ ಸರ್ ತಾಲೂಕು ಮಟ್ಟದ ಓಟದ ಪಟ್ಟಿಯಲ್ಲಿ ಸಹನಾಳ ಹೆಸರಿನ ಮೇಲೆ ಕೆಂಪು ಗೆರೆ ಎಳೆದರು. ಪಕ್ಕದಲ್ಲಿ ‘ಆಸಕ್ತಿ ಇಲ್ಲ’ ಎಂದು ಬರೆದರು.

ಪಟ್ಟಿ ಆಫೀಸ್ ರೂಮಿನ ಬಾಗಿಲಿಗೆ ಅಂಟಿತ್ತು. ಆರನೇ ಕ್ಲಾಸಿನ ಸಹನಾ ಅದನ್ನು ಮೂರು ಸಲ ಓದಿದಳು. ಒಂದು ತಿಂಗಳಿಂದ ದಿನಾ ಬೆಳಕು ಹರಿಯುವ ಮೊದಲೇ ಎದ್ದು, ತಾವರಗೇರಾ ರಸ್ತೆಯ ಹಳ್ಳದ ತನಕ ಓಡಿ ಬರುತ್ತಿದ್ದಳು. ಅದು ಆಸಕ್ತಿ ಅಲ್ಲದಿದ್ದರೆ ಮತ್ತೇನು, ನಾಯಿ ಬೆನ್ನು ಹತ್ತಿತ್ತೇ?

ಸೀದಾ ಒಳಗೆ ಹೋದಳು.

“ಸರ್, ನನ್ನ ಹೆಸರು ಯಾಕ ಹೊಡದೀರ್ರಿ?”

ಹಾಲೇಶ ಸರ್ ಪಿ.ಟಿ. ಮಾಸ್ತರು. ಕುರ್ಚಿಯಲ್ಲಿ ಕುಳಿತೇ ವಿಸಿಲ್ ಊದುವವರು.

“ಟೈಮಿಂಗ್ ನೋಡವಾ. ಆರುನೂರು ಮೀಟರಿಗೆ ಎರಡು ನಿಮಿಷ ಹತ್ತು ಸೆಕೆಂಡ್ ಇದ್ದದ್ದು, ಶನಿವಾರ ಎರಡೂವರಿ ನಿಮಿಷ ಆತು. ನೀ ಓಡಾಕತ್ತಿದ್ಯೋ, ಸಂತಿಗೆ ಹೊಂಟಿದ್ಯೋ?”

“ಕಾಲು ನೋಯ್ತಾವ್ರಿ ಸರ್.”

“ನನ್ನವೂ ನೋಯ್ತಾವು.”

ಕುಂತು ಕುಂತು ಇರಬೇಕು ಎಂದುಕೊಂಡಳು ಸಹನಾ.

“ಆತು, ನಾಳಿ ಮುಂಜಾನಿ ಏಳಕ್ಕ ಇನ್ನೊಂದ್ಸಲ ಟ್ರಯಲ್ ಕೊಡ್ತೀನಿ. ಮೊದಲಿನ ಟೈಮಿಂಗ್ ಬಂತಂದ್ರ ನಿನ್ನ ಹೆಸರು ಮತ್ತ ಬರೀತೀನಿ. ಇಲ್ಲಂದ್ರ ಪಟ್ಟಿ ಹಂಗ ಕುಷ್ಟಗಿಗೆ ಹೋಗ್ತೈತಿ.” ಸರ್ ಕೆಟಲ್ ಮುಂದೆ ಚಾಚಿದರು. “ಈಗ ಹಜರತಬೀ ಹೋಟೆಲಿಗೆ ಹೋಗಿ ಆರು ಚಹಾ ತಗೊಂಡು ಬಾ. ಓಡಿ ಬರಬೇಕು ಮತ್ತ, ತಣ್ಣಗ ಆಗ್ತೈತಿ.”

ಸಹನಾ ಓಡಿದಳು.

ಅವಳು ಜೋರಾಗಿ ಓಡುತ್ತಾಳೆ ಎಂದು ಯಾವಾಗ ಗೊತ್ತಾಯಿತೋ, ಅಂದಿನಿಂದ ಆ ಶಾಲೆಯಲ್ಲಿ ಯಾರೂ ಅವಳನ್ನು ನಡೆಯಲು ಬಿಟ್ಟಿರಲಿಲ್ಲ. ಚಾಕ್‌ಪೀಸ್ ಮುಗಿದರೆ ಸಹನಾ. ದ್ಯಾವಪ್ಪನ ಮಗ ಶಾಲೆಗೆ ಬಂದಿಲ್ಲವೇ, ಎಳೆದುಕೊಂಡು ಬರಲು ಸಹನಾ. ಬಿಸಿಯೂಟಕ್ಕೆ ತತ್ತಿ ಬೇಕೆಂದರೂ ಹೆಡ್ ಮೇಡಂ ಶೈಲಜಾ, “ಸಹನಾ, ಲಗೂನ ಓಡು!” ಎನ್ನುತ್ತಿದ್ದರು. ತತ್ತಿ ಟ್ರೇ ಹಿಡಿದುಕೊಂಡು ಹೇಗೆ ಓಡುವುದೆಂದು ಮಾತ್ರ ಯಾವ ಮೇಡಮ್ಮೂ ಕಲಿಸಿರಲಿಲ್ಲ.

“ಏ ಸಹನಾ,” ಕ್ಲಾಸಿನ ಯಂಕೇಶ ಹಲ್ಲು ಕಿರಿದ, “ನಿನ್ನ ಬೆನ್ನಿಗೆ ಒಂದು ಸ್ಟಿಕರ್ ಹಚ್ಚಬೇಕು ನೋಡು. ‘ಹತ್ತು ನಿಮಿಷದಾಗ ಡೆಲಿವರಿ’ ಅಂತ.”

“ಮೊದಲ ನಿನ್ನ ಡೆಲಿವರಿ ಮಾಡ್ತೀನಿ ತಡಿ. ಸೀದಾ ಕೆರಿಗೆ.”

ಮಧ್ಯಾಹ್ನ ಊಟಕ್ಕೆ ಕುಳಿತಾಗ ಸಹನಾಳ ಕಣ್ಣು ತಾವಾಗಿಯೇ ಮುಚ್ಚಿದವು. ತುತ್ತು ಕೈಯಲ್ಲೇ ನಿಂತಿತು. ಶಾಲೆಯ ಅಡುಗೆ ಮಾಡುವ ಕರಿಯವ್ವ ಸಹನಾಳ ಅಜ್ಜಿ. ಸಹನಾಗೆ ಅವಳು ಆಯಿ.

“ಏಯ್, ಅನ್ನದಾಗ ಮಲಗಬ್ಯಾಡ ಏಳು!” ಆಯಿ ಸೌಟಿನಿಂದ ಬಕೆಟ್ ಬಡಿದಳು. “ಏನಾಗೇತಿ ನಿನಗ?”

ಸಹನಾ ಕೆಂಪು ಗೆರೆಯಿಂದ ನಾಳಿನ ಟ್ರಯಲ್ ತನಕ ಎಲ್ಲ ಹೇಳಿದಳು. ಚಹಾದ ಕತೆಯನ್ನೂ ಬಿಡಲಿಲ್ಲ.

ಆಯಿ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕುಳಿತಳು. “ಕಾರಹುಣ್ಣಿವಿಗೆ ಓಡಸೋ ಎತ್ತಿಗೆ ನಿಮ್ಮಪ್ಪ ಏನೇನು ಮಾಡ್ತಾನ?”

“ಮೈ ತೊಳೀತಾನ. ಹತ್ತಿಕಾಳು ಹಾಕ್ತಾನ.”

“ನೊಗ ಹೂಡ್ತಾನೇನು?”

“ಎಂಟು ದಿನ ನೊಗ ಮುಟ್ಟಸಂಗಿಲ್ಲ. ಹ್ವಾದ ವರ್ಷ ಬಾಜೂ ಮನಿ ಪಾರಮ್ಮಾಯಿ ಒಂದ ತಾಸು ಬಂಡಿಗೆ ಕೇಳಿದ್ರೂ ಕೊಡಲಿಲ್ಲ. ‘ಓಡೋ ಎತ್ತು ಐತಿ, ಕೇಳಬ್ಯಾಡ’ ಅಂತ ಜಗಳಾನ ಮಾಡಿದ.”

“ಹೂಂ,” ಎಂದಳು ಆಯಿ. ಸಹನಾಳ ತಾಟಿಗೆ ಇನ್ನೊಂದು ತತ್ತಿ ಹಾಕಿದಳು. “ನಿಮ್ಮ ಮೇಡಮ್ಮಗ ಹೇಳಬ್ಯಾಡ.”

ಆಯಿ ಎದ್ದು ಹೋದ ಮೇಲೆ ಸಹನಾ ತನ್ನ ಕಾಲು ನೋಡಿಕೊಂಡಳು. ಮೊಣಕಾಲ ತನಕ ಕೆಂಪು ಧೂಳು. ಹೆಬ್ಬೆರಳಿಗೆ ಎಡವಿದ ಗಾಯ. ಮೀನಖಂಡ ಕಲ್ಲಿನಂತೆ ಬಿಗಿದಿದ್ದವು. ಮೆಲ್ಲಗೆ ಒತ್ತಿಕೊಂಡಳು.

ನಾಲ್ಕೂವರೆಗೆ ಕುಷ್ಟಗಿ ಬಸ್ಸು ಬರುತ್ತದೆ. ಆ ಹೊತ್ತಿಗೆ ಹಾಲೇಶ ಸರ್ ಚೀಲ ತುಂಬಿರುವುದಿಲ್ಲ, ತಲೆ ಬಾಚಿರುವುದಿಲ್ಲ. ಅದಕ್ಕೇ ಸಹನಾ ಮುಂದೆ ಓಡಿ, ಬಸ್ಸಿಗೆ ಕೈ ಅಡ್ಡ ಹಿಡಿದು ನಿಲ್ಲಬೇಕು. ಸರ್ ಬರುವ ತನಕ ಡ್ರೈವರನ ಬೈಗುಳ ತಿನ್ನುವುದೂ ಅವಳದೇ ಕೆಲಸ.

ಅಂದೂ ಊರ ತಿರುವಿನಲ್ಲಿ ಹಾರ್ನ್ ಕೇಳಿತು.

“ಸಹನಾ, ಬಸ್ ಬಂತು! ಓಡು!” ಸರ್ ಬಾಚಣಿಕೆ ಬೀಸಿದರು.

ಸಹನಾ ಕಟ್ಟೆಯ ಮೇಲೆ ಕುಳಿತಿದ್ದಳು.

“ಓಡಂಗಿಲ್ರಿ ಸರ್.”

“ಏನಂದಿ?”

“ನಾಳಿ ಟ್ರಯಲ್ ಐತಲ್ರಿ. ಇವತ್ತ ಕಾಲಿಗೆ ಸೂಟಿ.”

ಯಂಕೇಶ ಬಾಯಿಗೆ ಚೀಲ ಒತ್ತಿಕೊಂಡು ನಕ್ಕ. ಸರ್ ರಸ್ತೆ ನೋಡಿದರು. ಬಸ್ ಸ್ಟಾಪ್ ದೂರವಿತ್ತು, ತಮ್ಮ ಡೊಳ್ಳು ಹೊಟ್ಟೆ ಹತ್ತಿರವಿತ್ತು.

“ಈಗ ಓಡಲಿಲ್ಲಂದ್ರ ನಾಳಿ ಟ್ರಯಲ್ಲೂ ಇಲ್ಲ ನೋಡು! ತಿಳೀತಿಲ್ಲೋ?”

ರೂಢಿಯಂತೆ ಸಹನಾಳ ಕಾಲು ಕೆಳಗಿಳಿದು ಚಪ್ಪಲಿ ಹುಡುಕಿದವು. ಅವಳು ಅವೆರಡನ್ನೂ ಮೇಲಕ್ಕೆ ಎಳೆದುಕೊಂಡು ಚಕ್ಕಳಮಕ್ಕಳ ಹಾಕಿ ಕುಳಿತಳು.

“ನಾಳಿ ಏಳಕ್ಕ ನಾ ಗ್ರೌಂಡಿನ್ಯಾಗ ಇರ್ತೀನ್ರಿ ಸರ್. ನೀವು ಬರ್ರಿ, ಬಿಡ್ರಿ. ಈಗ ಮಾತ್ರ ಓಡಂಗಿಲ್ಲ.”